ಕಿಬ್ಬೊಟ್ಟೆಯ ನೋವೂ ಸಂತಾನದ ಹಂಬಲವೂ

ಕಲ್ಕತ್ತೆಗೆ ಬಂದು ನೆಲಸಿದ ನಮ್ಮ ಸಂಸಾರಗಳಲ್ಲಿ, ಮಗುವಿಗಾಗಿ ಹರಕೆ ಹೊತ್ತ ಗೃಹಿಣಿಯು ತಿಂಗಳು ತಿಂಗಳೂ ಹಾಸಿಗೆ ಹಿಡಿಸುವ ಕಿಬ್ಬೊಟ್ಟೆಯ ನೋವನ್ನು ಬಾಯಿಬಿಡದೆ ನುಂಗುವುದುಂಟು. ಹೆರಿಗೆಯಾದರೆ ಎಲ್ಲವೂ ಸರಿಹೋದೀತೆಂಬ ಹಿರಿಯರ ಸಮಾಧಾನ ಬೇರೆ! ಆದರೆ ಮಗುವಾಗದಿರುವ ಕಾರಣವು ಆ ನೋವಿನಲ್ಲಿಯೇ ಅಡಗಿರಬಹುದೆಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ.

ಗರ್ಭಕೋಶದ ಒಳಪೊರೆಯಂತಹುದೇ ಪೊರೆಯು ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ವ್ಯಾಧಿಯು, ಹೆರುವ ವಯಸ್ಸಿನ ಹತ್ತು ಸ್ತ್ರೀಯರಲ್ಲಿ ಸುಮಾರು ಒಬ್ಬರನ್ನು ಕಾಡುತ್ತದೆ. ನಮ್ಮ ದೇಶದಲ್ಲಿ ಕ್ಷಯವೂ ಗರ್ಭನಾಳಗಳನ್ನು ಸದ್ದಿಲ್ಲದೆ ಮುಚ್ಚುವುದುಂಟು, ಕೆಮ್ಮಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಒಂದು ವರ್ಷ, 35 ದಾಟಿದವರಾದರೆ 6 ತಿಂಗಳು, ಕಾದು ವೈದ್ಯರನ್ನು ಕಾಣುವುದು ಸಾಮಾನ್ಯ ನಿಯಮ. ನೋವಿದ್ದವರಿಗೆ ಅಷ್ಟು ಕಾಯುವುದೂ ಸಲ್ಲದು. ಮಗು ಬೇಕೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಈ ನೋವಿಗೆ ಕೊಡುವ ಹಾರ್ಮೋನ್ ಗುಳಿಗೆಗಳು ಬಹುಮಟ್ಟಿಗೆ ಗರ್ಭವನ್ನೇ ತಡೆಯುವಂಥವು. ಗಂಡನೂ ಜೊತೆಗೆ ಹೋಗಿ ತನ್ನ ಪರೀಕ್ಷೆಯನ್ನೂ ಮಾಡಿಸಿಕೊಳ್ಳಲಿ.

ಕೈಚೆಲ್ಲಿ ಕುಳಿತುಕೊಳ್ಳುವುದಕ್ಕೂ ಕಾರಣವಿಲ್ಲ. ನಾಳಗಳು ಕೆಟ್ಟಿದ್ದ ತಾಯಿಯೊಬ್ಬರಿಗೆ, ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಪ್ರನಾಳಶಿಶು 'ದುರ್ಗಾ' 1978ರ ಅಕ್ಟೋಬರ್ 3ರಂದು ಹುಟ್ಟಿದ್ದು ಇದೇ ನಗರದಲ್ಲಿ.

ಭಾಷೆಯ ಅಳುಕೇಕೆ? ಕಾಲೇಜ್ ಸ್ಟ್ರೀಟಿನ ಮೆಡಿಕಲ್ ಕಾಲೇಜಿನಲ್ಲಿ "ತಲ್‌ಪೇಟೆ ಬ್ಯಥಾ" ಎಂದರೆ ಸಾಕು. ನಮ್ಮಲ್ಲಿ ಮನಸ್ಸಿಗೆ ಮೀಸಲಾದ ವ್ಯಥೆಯು ಬಂಗಾಳಿಯಲ್ಲಿ ಮೈಯ ನೋವಿಗೂ ಸಲ್ಲುತ್ತದೆ.