‘ಕೆ’ ಒತ್ತಿದರೆ ಒಂದೆಡೆ ಮಾಹಿತಿ, ಇನ್ನೊಂದೆಡೆ ಪ್ರೋಗ್ರಾಮೇ ಬಂದ್! ಡಿಬಗ್ಗರ್ ಕಮಾಂಡ್‌ಗಳ ಹೆಸರಿನ ಗೊಂದಲವೇನು?

ನಾಸಿಕ್ ರೋಡ್‌ನಿಂದ ಮನ್ಮಾಡ್ ಮಾರ್ಗವಾಗಿ ಛತ್ರಪತಿ ಸಂಭಾಜಿನಗರಕ್ಕೆ ರೈಲು ಟಿಕೆಟ್ ಬುಕ್ ಮಾಡುವವರಿಗೆ ಈಗ ಕಾಣುವುದು ಸಿಪಿಎಸ್‌ಎನ್ ಎಂಬ ಕೋಡ್. 2025ರ ಅಕ್ಟೋಬರ್‌ವರೆಗೆ ಅದೇ ನಿಲ್ದಾಣ ಔರಂಗಾಬಾದ್ ಆಗಿತ್ತು, ಕೋಡ್ ಎಡಬ್ಲ್ಯುಬಿ. ಊರಿನ ಹೊಸ ಹೆಸರಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ. ಅಂದರೆ ಎರಡೂವರೆ ವರ್ಷ ಊರಿಗೊಂದು ಹೆಸರು, ನಿಲ್ದಾಣಕ್ಕೊಂದು ಹೆಸರು. ನಮ್ಮ ಬೆಂಗಳೂರು ಸಿಟಿ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು ಬಂದರೂ ಎಸ್‌ಬಿಸಿ ಎಂಬ ಕೋಡ್ ಹಾಗೇ ಉಳಿಯಿತು. ಗುಲ್ಬರ್ಗ ಕಲಬುರಗಿಯಾದಾಗ ಮಾತ್ರ ಜಿಆರ್ ಹೋಗಿ ಕೆಎಲ್‌ಬಿಜಿ ಬಂತು.

ಜನ ಓದುವ ಹೆಸರು ಒಂದು, ಯಂತ್ರಕ್ಕೆ ಕೊಡುವ ಹೆಸರು ಇನ್ನೊಂದು. ಸಾಫ್ಟ್‌ವೇರ್ ಎಂಜಿನಿಯರ್‌ಗಳು ದಿನವೂ ಬಳಸುವ ಡಿಬಗ್ಗರ್‌ನಲ್ಲಿ ಈ ಹೆಸರಿನ ಸಮಸ್ಯೆ ಇನ್ನೂ ತೀವ್ರ.

ಏನಿದು ಡಿಬಗ್ಗರ್? ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, ತಪ್ಪು ಎಲ್ಲಿದೆ ಎಂದು ಒಂದೊಂದೇ ಹೆಜ್ಜೆ ಇಟ್ಟು ಹುಡುಕುವ ಸಾಧನ. ಟಿಕೆಟ್ ದರ ಲೆಕ್ಕ ಹಾಕುವ ಪ್ರೋಗ್ರಾಮ್ ಇದೆ ಎಂದುಕೊಳ್ಳಿ. ಅದರ ಮಧ್ಯೆ ರಿಯಾಯಿತಿ ಲೆಕ್ಕದ ಫಂಕ್ಷನ್ ಬರುತ್ತದೆ. ಅದರೊಳಗೆ ಇಳಿದು ನೋಡಬಹುದು, ಇಳಿಯದೆ ಮುಂದಿನ ಸಾಲಿಗೆ ದಾಟಬಹುದು, ಅಥವಾ ಒಳಗಿದ್ದರೆ ಅದನ್ನು ಮುಗಿಸಿಕೊಂಡು ಹೊರಬರಬಹುದು. ಇರುವುದು ಈ ಮೂರೇ ನಡೆ. ಆದರೆ ಹೆಸರುಗಳು?

ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿಡಿಬಿಯಲ್ಲಿ ಅವು ‘ಸ್ಟೆಪ್’, ‘ನೆಕ್ಸ್ಟ್’, ‘ಫಿನಿಶ್’. ಮೈಕ್ರೋಸಾಫ್ಟ್‌ನ ವಿಂಡಿಬಿಜಿಯಲ್ಲಿ ‘ಟಿ’, ‘ಪಿ’, ‘ಜಿಯು’. ವಿಎಸ್ ಕೋಡ್‌ನ ಬಟನ್ ಮೇಲೆ ‘ಸ್ಟೆಪ್ ಓವರ್’ ಎಂದಿದ್ದರೂ, ಒಳಗೆ ಡಿಬಗ್ಗರ್‌ಗೆ ಹೋಗುವ ಸಂದೇಶದ ಹೆಸರು ‘ನೆಕ್ಸ್ಟ್’!

ಹೆಸರು ಬೇರೆಯಾದರೆ ಕಲಿತುಕೊಳ್ಳಬಹುದು ಬಿಡಿ. ಒಂದೇ ಹೆಸರಿಗೆ ಬೇರೆ ಅರ್ಥವಿದ್ದಾಗಲೇ ಅಪಾಯ. ಪೈಥಾನ್‌ನ ಪಿಡಿಬಿಯಲ್ಲಿ ‘ರಿಟರ್ನ್’ ಎಂದರೆ ಫಂಕ್ಷನ್ ಮುಗಿಯುವವರೆಗೆ ಓಡಿಸು. ಜಿಡಿಬಿಯಲ್ಲಿ ಅದೇ ಪದಕ್ಕೆ ಉಳಿದ ಕೆಲಸವನ್ನು ಅಲ್ಲಿಗೇ ಬಿಟ್ಟು ಹೊರಗೆ ಬಾ ಎಂಬ ಅರ್ಥ. ವಿಂಡಿಬಿಜಿಯಲ್ಲಿ ‘ಕೆ’ ಒತ್ತಿದರೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ ಸಿಗುತ್ತದೆ. ಜಿಡಿಬಿಯಲ್ಲಿ ‘ಕೆ’ ಎಂದರೆ ‘ಕಿಲ್’, ಪ್ರೋಗ್ರಾಮ್ ಖತಂ. ಜಿಡಿಬಿ ಮೊದಲು ‘ಹೌದೇ, ಅಲ್ಲವೇ’ ಎಂದು ಕೇಳುತ್ತದೆ ನಿಜ. ಆದರೆ ಆ ಪ್ರಶ್ನೆಯ ಕಾಟವೇ ಬೇಡವೆಂದು ಅದನ್ನು ಆಫ್ ಮಾಡಿಟ್ಟವರೂ ಇದ್ದಾರೆ.

ಕೆಲಸ ಮುಗಿಸಿ ಹೊರಬರಲು ಒತ್ತುವ ‘ಕ್ಯೂ’ ಕೂಡ ನಂಬುವಂತಿಲ್ಲ. ಗ್ರಾಹಕರಿಗೆ ಸೇವೆ ಕೊಡುತ್ತಿರುವ ಸರ್ವರ್ ಪ್ರೋಗ್ರಾಮ್‌ಗೆ ಜಿಡಿಬಿ ಜೋಡಿಸಿ ಪರೀಕ್ಷಿಸಿ ‘ಕ್ಯೂ’ ಒತ್ತಿದರೆ, ಪ್ರೋಗ್ರಾಮ್ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ವಿಂಡಿಬಿಜಿಯಲ್ಲಿ ಅದೇ ಅಕ್ಷರ ಸಾಮಾನ್ಯವಾಗಿ ಪ್ರೋಗ್ರಾಮನ್ನೂ ನಿಲ್ಲಿಸಿಬಿಡುತ್ತದೆ. ಅದನ್ನು ಉಳಿಸಿ ಹೊರಬರಲು ‘ಕ್ಯೂಡಿ’ ಒತ್ತಬೇಕು. ನಾಸಿಕ್‌ನಲ್ಲಿ ಕುಳಿತ ಎಂಜಿನಿಯರ್ ಫೋನಿನಲ್ಲಿ ‘ಕ್ಯೂ ಒತ್ತಿ ಹೊರಗೆ ಬಾ’ ಎಂದು ಸಂಭಾಜಿನಗರದ ಸಹೋದ್ಯೋಗಿಗೆ ಹೇಳಿದರೆ, ಅತ್ತ ಯಾವ ಡಿಬಗ್ಗರ್ ತೆರೆದಿದೆ ಎಂಬುದರ ಮೇಲೆ ಸೇವೆಯ ಗತಿ ನಿಂತಿದೆ.

ಪರಿಹಾರ ಇಲ್ಲವೆಂದಲ್ಲ. ಎಲ್‌ಎಲ್‌ಡಿಬಿ ಎಂಬ ಡಿಬಗ್ಗರ್ ಕಟ್ಟಿದವರು ಕಮಾಂಡ್‌ಗಳನ್ನು ಒಂದೇ ಕ್ರಮದಲ್ಲಿ ಹೊಂದಿಸಿದರು: ಮೊದಲು ವಸ್ತು, ಆಮೇಲೆ ಕ್ರಿಯೆ. ‘ಬ್ರೇಕ್‌ಪಾಯಿಂಟ್ ಸೆಟ್’, ‘ಬ್ರೇಕ್‌ಪಾಯಿಂಟ್ ಡಿಲೀಟ್’, ‘ಥ್ರೆಡ್ ಸ್ಟೆಪ್-ಓವರ್’ ಹೀಗೆ. ಒಂದನ್ನು ಕಲಿತರೆ ಮತ್ತೊಂದನ್ನು ಊಹಿಸಬಹುದು. ಟೈಪ್ ಮಾಡಲು ಉದ್ದವಾಯಿತು ಎನ್ನುವವರಿಗಾಗಿ ಜಿಡಿಬಿಯ ಹಳೆಯ ‘ನೆಕ್ಸ್ಟ್’, ‘ಸ್ಟೆಪ್’, ‘ಫಿನಿಶ್’ಗಳನ್ನೂ ಅಡ್ಡಹೆಸರಾಗಿ ಉಳಿಸಿದರು. ಹಳಬರ ಬೆರಳಿನ ಅಭ್ಯಾಸಕ್ಕೆ ತೊಂದರೆಯಾಗಲಿಲ್ಲ. ಊರಿನ ಹೆಸರು ಬದಲಿಸುವವರಿಗೂ ಈ ಉಪಾಯ ಒಗ್ಗೀತು.

ಇವನ್ನು ಕನ್ನಡಕ್ಕೆ ತರುವುದಾದರೆ? ಬಟನ್ ಮೇಲೆ ‘ಒಳಗಿಳಿ’, ‘ದಾಟು’, ‘ಹೊರಬಾ’ ಎಂದು ಧಾರಾಳವಾಗಿ ಬರೆಯಬಹುದು, ಇಂಗ್ಲಿಷ್‌ಗಿಂತ ಬೇಗ ಅರ್ಥವಾದೀತು. ಆದರೆ ಒಂದು ಪರದೆಯಲ್ಲಿ ‘ದಾಟು’, ಇನ್ನೊಂದರಲ್ಲಿ ‘ಮೇಲ್‌ಹೆಜ್ಜೆ’, ಸಹಾಯ ಪುಟದಲ್ಲಿ ‘ಮುಂದೆ ಸಾಗು’ ಎಂದಾದರೆ ಕನ್ನಡ ಓದಲು ಕುಳಿತವರೂ ಮತ್ತೆ ಇಂಗ್ಲಿಷ್ ಮೆನುವಿಗೇ ಮರಳುತ್ತಾರೆ. ಟೈಪ್ ಮಾಡುವ ಕಮಾಂಡ್‌ಗಳನ್ನು ಮಾತ್ರ ಮುಟ್ಟದಿರುವುದೇ ಲೇಸು. ಸಾವಿರಾರು ಸ್ಕ್ರಿಪ್ಟ್‌ಗಳು ಆ ಹೆಸರುಗಳನ್ನೇ ನಂಬಿಕೊಂಡಿವೆ.