ಅವಳಿ ಮಕ್ಕಳಿಗೆ ತೊಟ್ಟಿಲು: ಒಂದೇ ಸಾಕೆ, ಎರಡು ಬೇಕೆ?



ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ಅವಸರದ ಜನರನ್ನು ಕುರಿತು ನಾವೆಲ್ಲ ಬಳಸುತ್ತೇವೆ. ಹೆರಿಗೆಗೆ ಮೊದಲೇ ತೊಟ್ಟಿಲನ್ನು ಮನೆಗೆ ತರುವುದು ಶುಭವಲ್ಲವೆಂದು ಹೇಳುವ ಹಿರಿಯರೂ ಉಂಟು. ಒಂದೇ ಮಗುವಿನ ಬಸಿರಿನಲ್ಲಿ ಈ ಮಾತನ್ನು ಪಾಲಿಸಿದರೆ ಹೆಚ್ಚಿನ ತೊಂದರೆಯೇನೂ ಇಲ್ಲ. ಆದರೆ ಗರ್ಭದಲ್ಲಿ ಅವಳಿ ಮಕ್ಕಳಿರುವುದು ಖಚಿತವಾದಾಗ ಈ ಮಾತನ್ನು ಬದಿಗಿಡಬೇಕಾಗುತ್ತದೆ. ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು 37 ವಾರಗಳು ತುಂಬುವ ಮೊದಲೇ ಜನಿಸುತ್ತಾರೆ. ಅನೇಕರ ತೂಕ 2.5 ಕಿಲೋಗ್ರಾಂಗಿಂತ ಕಡಿಮೆ ಇರುತ್ತದೆ. ಎಣಿಸಿದ ದಿನಕ್ಕಿಂತ ಒಂದು ತಿಂಗಳು ಮೊದಲೇ ಎರಡು ಪುಟ್ಟ ಜೀವಗಳು ಮನೆಗೆ ಬಂದಾಗ, ತಾಯಿ ಇನ್ನೂ ಎದ್ದು ಓಡಾಡದಿರುವಾಗ, ತಂದೆ ತೊಟ್ಟಿಲಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವಂತಾಗಬಾರದು. ಆದ್ದರಿಂದ ಏಳನೆಯ ತಿಂಗಳು ಮುಗಿಯುವುದರೊಳಗೆ ಮಕ್ಕಳು ಮಲಗುವ ವ್ಯವಸ್ಥೆ ಸಿದ್ಧವಾಗಿರಲಿ.

ಒಂದೇ ತೊಟ್ಟಿಲು ಏಕೆ ಸಾಲದು

"ಒಂಬತ್ತು ತಿಂಗಳು ಒಂದೇ ಗರ್ಭದಲ್ಲಿದ್ದ ಮಕ್ಕಳನ್ನು ಈಗೇಕೆ ಬೇರೆ ಮಾಡಬೇಕು?" ಎಂದು ಅಜ್ಜಿಯರು ನಮ್ಮ ಚಿಕಿತ್ಸಾಲಯದಲ್ಲಿ ಕೇಳುವುದುಂಟು. ಪ್ರೀತಿಯಿಂದ ಬಂದ ಪ್ರಶ್ನೆಯಾದ್ದರಿಂದ ಉತ್ತರವನ್ನೂ ವಿವರವಾಗಿಯೇ ಕೊಡಬೇಕು. ಗರ್ಭದೊಳಗೆ ಶಿಶು ಮೂಗಿನಿಂದ ಉಸಿರಾಡುವುದಿಲ್ಲ. ಹೊಕ್ಕುಳಬಳ್ಳಿಯ ಮೂಲಕ ತಾಯಿಯ ರಕ್ತದಿಂದ ಪ್ರಾಣವಾಯುವನ್ನು ಪಡೆಯುತ್ತದೆ. ಹುಟ್ಟಿದ ಮೇಲೆ ಮೂಗು ಬಾಯಿಗಳೇ ಅದಕ್ಕೆ ದಾರಿ. ತೂಗುವ ತೊಟ್ಟಿಲಿನಲ್ಲಿ ಇಬ್ಬರನ್ನು ಮಲಗಿಸಿದರೆ ಭಾರವು ಒಂದು ಕಡೆಗೆ ಜಾರುತ್ತದೆ, ಒಂದು ಮಗು ಇನ್ನೊಂದರ ಮೇಲೆ ಒರಗುತ್ತದೆ. ಒಬ್ಬರ ತೋಳು ಮತ್ತೊಬ್ಬರ ಮುಖದ ಮೇಲೆ ಬಿದ್ದರೂ ಅದನ್ನು ಸರಿಸುವ ಶಕ್ತಿ ಎರಡು ಕಿಲೋ ತೂಕದ ಶಿಶುವಿಗೆ ಇರುವುದಿಲ್ಲ. ಸೀರೆಯಿಂದ ಕಟ್ಟಿದ ಜೋಳಿಗೆಯಲ್ಲಿ ಅಪಾಯ ಇನ್ನೂ ಹೆಚ್ಚು. ಅಲ್ಲಿ ಬೆನ್ನು ಬಾಗಿ ಗದ್ದವು ಎದೆಗೆ ಒತ್ತುತ್ತದೆ, ಎಳೆಯ ಶ್ವಾಸನಾಳ ಮಡಚಿದಂತಾಗುತ್ತದೆ.

ವಿಶಾಲವಾದ, ಅಲುಗಾಡದ ಒಂದೇ ಮಂಚದಲ್ಲಿ ಮೊದಲ ಕೆಲವು ವಾರ ಇಬ್ಬರನ್ನೂ ಪಕ್ಕಪಕ್ಕದಲ್ಲಿ ಮಲಗಿಸಬಹುದೆಂದು ಒಪ್ಪುವ ವೈದ್ಯರೂ ಇದ್ದಾರೆ. ಆದರೆ ಮಗು ಯಾವ ದಿನ ಹೊರಳಲು ಕಲಿಯುತ್ತದೆಯೋ ಯಾರೂ ಹೇಳಲಾರರು. ಆದ್ದರಿಂದ ಮೊದಲ ದಿನದಿಂದಲೇ ಪ್ರತಿ ಮಗುವಿಗೂ ಅದರದೇ ಆದ ಹಾಸಿಗೆ ಇರಲಿ, ಎರಡು ಹಾಸಿಗೆಗಳೂ ತಾಯಿಯ ಕೋಣೆಯಲ್ಲಿಯೇ ಇರಲಿ ಎಂಬುದು ನಮ್ಮ ಸಲಹೆ. ಎರಡು ತೊಟ್ಟಿಲುಗಳ ನಡುವೆ ಒಂದು ಮೊಳಕ್ಕಿಂತ ಹೆಚ್ಚು ಅಂತರವಿದ್ದರೆ ತೂಗುವಾಗ ಒಂದಕ್ಕೊಂದು ಬಡಿಯುವುದಿಲ್ಲ. ಮಕ್ಕಳಿಗೆ ಒಬ್ಬರ ಧ್ವನಿ ಒಬ್ಬರಿಗೆ ಕೇಳಿಸುತ್ತಲೂ ಇರುತ್ತದೆ.

ಚರಕಸಂಹಿತೆಯ ಕುಮಾರಾಗಾರ

ಮಗುವಿನ ಕೋಣೆಯ ವಿಚಾರ ಆಧುನಿಕರು ತಂದದ್ದೆಂದು ತಿಳಿಯಬಾರದು. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಕುಮಾರಾಗಾರದ ವರ್ಣನೆಯಿದೆ. ಆ ಕೋಣೆ ಕತ್ತಲೆಯಿಂದ ಕೂಡಿರಬಾರದು, ನೇರವಾಗಿ ಗಾಳಿ ಬೀಸಬಾರದು, ಆದರೆ ಒಂದು ಭಾಗದಿಂದ ಗಾಳಿಯಾಡುತ್ತಿರಬೇಕು, ಕಟ್ಟಡ ಗಟ್ಟಿಯಾಗಿರಬೇಕು, ಪಶು, ಇಲಿ, ಕೀಟಗಳ ಬಾಧೆ ಇರಬಾರದು. ಮಗುವಿನ ಹಾಸು ಹೊದಿಕೆಗಳು ಮೃದುವಾಗಿ, ಹಗುರವಾಗಿ, ಶುಚಿಯಾಗಿ, ಸುವಾಸನೆಯಿಂದ ಕೂಡಿರಬೇಕು. ಬೆವರು, ಮಲಮೂತ್ರ ತಾಗಿದ್ದನ್ನು ಬಿಡಬೇಕು. ಬೇರೆ ಇಲ್ಲದಿದ್ದರೆ ಅದನ್ನೇ ಚೆನ್ನಾಗಿ ಒಗೆದು, ಧೂಪ ಕೊಟ್ಟು, ಒಣಗಿಸಿ ಬಳಸಬಹುದು. ಇಲ್ಲಿ ಮೃದು ಎಂದರೆ ಮೈಗೆ ಒರಟಾಗದ ಬಟ್ಟೆ ಎಂದು ನಾವು ಗ್ರಹಿಸುತ್ತೇವೆ. ತಲೆ ಹೂತುಹೋಗುವಂತಹ ಮೆತ್ತನೆಯ ಗಾದಿ ಎಂದು ಅರ್ಥಮಾಡಬಾರದು.

ಆಟಿಕೆಗಳ ವಿಷಯದಲ್ಲಿಯೂ ಅದೇ ಅಧ್ಯಾಯ ಎಚ್ಚರಿಸುತ್ತದೆ: ಅವು ಭಾರವಾಗಿರಬಾರದು, ಮೊನಚಾಗಿರಬಾರದು, ಬಾಯೊಳಗೆ ಹೋಗುವಷ್ಟು ಚಿಕ್ಕದಾಗಿರಬಾರದು, ಮಗುವನ್ನು ಹೆದರಿಸುವಂತಿರಬಾರದು. ತೊಟ್ಟಿಲಿಗೆ ಗಿಲಕಿ, ಮಣಿಸರ, ಮರದ ಗಿಳಿಗಳನ್ನು ಕಟ್ಟುವವರು ಇದನ್ನು ನೆನಪಿನಲ್ಲಿಡಬೇಕು. ಮಗು ಕೈಚಾಚಿ ಹಿಡಿಯುವ ವಯಸ್ಸಿಗೆ ಬಂದಾಗ ತೂಗುಬಿಟ್ಟ ದಾರಗಳನ್ನೆಲ್ಲ ಬಿಚ್ಚಿಬಿಡಬೇಕು.

ಕೊಳ್ಳುವಾಗ ನೋಡಬೇಕಾದದ್ದು

ನಮ್ಮ ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳು ಬಣ್ಣ ಮತ್ತು ಚಿತ್ರಗಳಿಂದ ಹೆಸರಾಗಿವೆ. ಅಂತಹ ತೊಟ್ಟಿಲು ತಲೆಮಾರುಗಳಿಂದ ಮನೆಯಲ್ಲಿದ್ದರೆ ಅದು ಸೌಭಾಗ್ಯವೇ ಸರಿ. ನಾಮಕರಣಕ್ಕೂ, ಹಗಲಿನಲ್ಲಿ ಹಿರಿಯರ ಕಣ್ಣೆದುರು ಒಂದೊಂದು ಮಗುವನ್ನು ಸರದಿಯಂತೆ ತೂಗುವುದಕ್ಕೂ ಅದನ್ನು ಬಳಸಿರಿ. ಮೊದಲು ಜಂತಿಯ ಕೊಂಡಿ, ಸರಪಳಿ, ಹಗ್ಗಗಳನ್ನು ಬಡಗಿಯಿಂದ ಪರೀಕ್ಷಿಸಿರಿ. ನಾಲ್ಕೂ ಸರಪಳಿಗಳು ಒಂದೇ ಉದ್ದವಾಗಿದ್ದು, ತೂಗು ನಿಂತಾಗ ತಳ ಸಮತಟ್ಟಾಗಿರಬೇಕು. ಹಳೆಯ ತೊಟ್ಟಿಲಿಗೆ ಹಿಂದೆ ಯಾರಾದರೂ ಅಂಗಡಿಯ ಬಣ್ಣ ಬಳಿದು ಅದು ಈಗ ಸಿಪ್ಪೆಯೇಳುತ್ತಿದ್ದರೆ ಮಗುವನ್ನು ಅದರಲ್ಲಿ ಮಲಗಿಸಬಾರದು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಹೆಚ್ಚು ಸೀಸವಿರಬಹುದು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ವಿಷ.

ಕಟಕಟೆಯುಳ್ಳ ಮಂಚವನ್ನು ಕೊಳ್ಳುವುದಾದರೆ ಈ ಅಂಶಗಳನ್ನು ಗಮನಿಸಿರಿ:

1. ಕಂಬಿಗಳ ನಡುವಿನ ಅಂತರ ಆರು ಸೆಂಟಿಮೀಟರ್ ಮೀರಬಾರದು. ಮೀರಿದರೆ ಮಗುವಿನ ಮೈ ಜಾರಿ ತಲೆ ಸಿಕ್ಕಿಕೊಳ್ಳಬಹುದು.
2. ಗಾದಿ ಗಟ್ಟಿಯಾಗಿರಲಿ. ಅಂಗೈಯಿಂದ ಒತ್ತಿ ಬಿಟ್ಟಾಗ ಕುಳಿ ಉಳಿಯಬಾರದು. ಗಾದಿ ಮತ್ತು ಚೌಕಟ್ಟಿನ ನಡುವೆ ಎರಡು ಬೆರಳು ಹೋಗುವಷ್ಟು ಸಂದು ಇರಬಾರದು.
3. ಒಂದು ಬದಿಯ ಕಟಕಟೆ ಕೆಳಗೆ ಜಾರುವಂತಹ ಹಳೆಯ ಮಂಚ ಬೇಡ. ಸಡಿಲವಾದ ಬದಿಯಲ್ಲಿ ಶಿಶುಗಳು ಸಿಕ್ಕಿಕೊಂಡು ಸತ್ತದ್ದರಿಂದ ಅಮೆರಿಕದಲ್ಲಿ 2011ರಿಂದ ಅವುಗಳ ಮಾರಾಟವನ್ನೇ ನಿಷೇಧಿಸಲಾಗಿದೆ. ಬಂಧುಗಳು ಬಳಸಿದ ಮಂಚವನ್ನು ತರುವವರು ಇದನ್ನು ವಿಶೇಷವಾಗಿ ನೋಡಬೇಕು.
4. ಸೊಳ್ಳೆಪರದೆ ಬಿಗಿಯಾಗಿರಲಿ, ಮಗುವಿನ ಕೈಗೆ ಎಟುಕದಂತಿರಲಿ.

ಎರಡು ಮಂಚ ಕೊಳ್ಳುವ ಅನುಕೂಲವಿಲ್ಲದವರು ಚಿಂತಿಸಬೇಕಾಗಿಲ್ಲ. ಶುಚಿಯಾದ ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೆ ಎರಡು ತೆಳುವಾದ ಗಟ್ಟಿ ಹಾಸಿಗೆಗಳನ್ನು ಬೇರೆಬೇರೆಯಾಗಿ ಹಾಕಿದರೂ ಉದ್ದೇಶ ಈಡೇರುತ್ತದೆ. ಕುಬುಸದ ದಿನ ಬೆಳ್ಳಿಯ ಬಟ್ಟಲು, ಹತ್ತಾರು ಅಂಗಿಗಳನ್ನು ತರುವ ಬಂಧುಗಳು ಒಟ್ಟುಗೂಡಿ ಎರಡನೆಯ ತೊಟ್ಟಿಲನ್ನು ಕೊಟ್ಟರೆ ಅದಕ್ಕಿಂತ ಉಪಯುಕ್ತವಾದ ಉಡುಗೊರೆ ಇಲ್ಲ.

ಮಲಗಿಸುವ ಕ್ರಮ

ತೊಟ್ಟಿಲು ಎಷ್ಟೇ ಒಳ್ಳೆಯದಾದರೂ ಮಗುವನ್ನು ಅಂಗಾತ ಮಲಗಿಸದಿದ್ದರೆ ಪ್ರಯೋಜನವಿಲ್ಲ. ಅಂಗಾತ ಮಲಗಿದರೆ ಕಕ್ಕಿದ ಹಾಲು ಉಸಿರಿಗೆ ಹೋಗುತ್ತದೆಂಬ ಭಯ ನಮ್ಮ ಹಿರಿಯರಲ್ಲಿದೆ. ಆದರೆ ಅಂಗಾತ ಮಲಗಿದಾಗ ಶ್ವಾಸನಾಳವು ಅನ್ನನಾಳದ ಮೇಲ್ಗಡೆ ಇರುತ್ತದೆ. ಮೇಲೆ ಬಂದ ಹಾಲು ಮತ್ತೆ ಕೆಳಗಿನ ಅನ್ನನಾಳಕ್ಕೇ ಇಳಿಯುತ್ತದೆ. ಬೋರಲು ಮಲಗಿಸಿದಾಗ ಇದು ತಿರುವುಮುರುವಾಗುತ್ತದೆ. ಅಮೆರಿಕದಲ್ಲಿ 1994ರಿಂದ ಶಿಶುಗಳನ್ನು ಅಂಗಾತ ಮಲಗಿಸಬೇಕೆಂಬ ಆಂದೋಲನ ನಡೆದು, ಮುಂದಿನ ವರ್ಷಗಳಲ್ಲಿ ನಿದ್ರೆಯಲ್ಲಿಯೇ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಅನಂತರ ಅಂಗಾತ ಮಲಗಿಸಿರಿ.

ತೊಟ್ಟಿಲೊಳಗೆ ಮಗುವಲ್ಲದೆ ಬೇರೇನೂ ಬೇಡ. ತಲೆ ದುಂಡಗಾಗಲೆಂದು ಇಡುವ ಸಾಸಿವೆಯ ದಿಂಬು, ಪಕ್ಕದ ದಿಂಬುಗಳು, ಸಡಿಲವಾದ ಕೌದಿ ಇವೆಲ್ಲ ಮೂಗನ್ನು ಮುಚ್ಚಬಲ್ಲವು. ಚಳಿಯಿದ್ದರೆ ಹೊದಿಕೆಯ ಬದಲು ಮೈತುಂಬ ಬಟ್ಟೆ ತೊಡಿಸಿರಿ. ಎದೆ ಮುಟ್ಟಿ ನೋಡಿದಾಗ ಬೆಚ್ಚಗಿರಬೇಕು, ಬೆವರಿರಬಾರದು. ಕಡಿಮೆ ತೂಕದ ಮಕ್ಕಳನ್ನು ದೊಡ್ಡವರ ಹಾಸಿಗೆಯಲ್ಲಿ ನಡುವೆ ಮಲಗಿಸಿಕೊಳ್ಳುವುದಂತೂ ಸರ್ವಥಾ ಸಲ್ಲದು.

ಲಿಂಗಧಾರಣೆಯಾದ ಎಳೆಗೂಸಿನ ಇಷ್ಟಲಿಂಗವನ್ನು ತಾಯಿಯೇ ತನ್ನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ನಿದ್ರೆಯ ಹೊತ್ತಿನಲ್ಲಿ ಕೊರಳಿನ ಸುತ್ತ ಯಾವ ದಾರವೂ ಇರದಂತೆ ನೋಡಿಕೊಳ್ಳಲು ಇದು ಅನುಕೂಲ. ಗುರುಗಳ ಅಪ್ಪಣೆ ಪಡೆದು ಹಾಗೆಯೇ ನಡೆದುಕೊಳ್ಳಿರಿ. ಕಪ್ಪುದಾರ, ತಾಯಿತಗಳಿಗೂ ಇದೇ ಎಚ್ಚರ ಅನ್ವಯಿಸುತ್ತದೆ.

ಬಾಣಂತಿಯ ಕೋಣೆಯಲ್ಲಿ ಕೆಂಡವಿಟ್ಟು ಹೊಗೆ ತುಂಬಿಸುವ ರೂಢಿಯ ಬಗ್ಗೆಯೂ ಒಂದು ಮಾತು. ಚರಕಸಂಹಿತೆ ಸಾಸಿವೆ, ಬಜೆ, ಗುಗ್ಗುಳ ಮುಂತಾದವುಗಳ ಧೂಪವನ್ನು ಹೇಳಿರುವುದು ಮಗುವಿನ ಬಟ್ಟೆ ಮತ್ತು ಹಾಸು ಹೊದಿಕೆಗಳಿಗೆ. ಬೇರೆ ಕಡೆ ಧೂಪ ಹಾಕಿ, ಗಾಳಿಯಾಡಿಸಿದ ಬಟ್ಟೆಯನ್ನು ತಂದು ಹಾಸಿರಿ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಶ್ವಾಸಕೋಶಕ್ಕೆ ಹೊಗೆಯನ್ನು ತಡೆಯುವ ಬಲವಿರುವುದಿಲ್ಲ.

ತೊಟ್ಟಿಲಿಗಿಂತ ಮೊದಲು ತಾಯಿಯ ಎದೆ

ಕಡಿಮೆ ತೂಕದ ಶಿಶುವನ್ನು ತಾಯಿಯ ಬರಿಯೆದೆಗೆ ತಾಗಿಸಿ ಇಟ್ಟುಕೊಳ್ಳುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಆರಂಭವಾಯಿತು. ಈಗ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ದಿನಕ್ಕೆ 8ರಿಂದ 24 ಗಂಟೆಗಳವರೆಗೆ ಮಾಡಬೇಕೆಂದು ಹೇಳುತ್ತದೆ. ಅವಳಿ ಮಕ್ಕಳಿಗೆ ತಾಯಿಯೊಬ್ಬಳಿಂದಲೇ ಇದು ಆಗುವ ಕೆಲಸವಲ್ಲ. ತಂದೆ, ಅಜ್ಜಿ, ಚಿಕ್ಕಮ್ಮ ಸರದಿಯಂತೆ ಎದೆಗೊಡಬೇಕು. ಇದೂ ಒಂದು ಕಾಯಕವೇ. ಮಗುವನ್ನು ಎದೆಯ ಮೇಲೆ ಇಟ್ಟುಕೊಂಡವರಿಗೆ ತೂಕಡಿಕೆ ಬಂದರೆ ಪಕ್ಕದಲ್ಲಿ ಎಚ್ಚರವಿರುವ ಇನ್ನೊಬ್ಬರು ಬೇಕು, ಇಲ್ಲವೆ ಮಗುವನ್ನು ಅದರ ಹಾಸಿಗೆಗೆ ಮರಳಿಸಬೇಕು.

ಮಗು ಹಾಲು ಹೀರುವುದನ್ನು ಬಿಟ್ಟರೆ, ಮೈ ತಣ್ಣಗಾದರೆ, ಶಾಂತವಾಗಿರುವಾಗಲೂ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಪಕ್ಕೆಗಳು ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಒಂದು ಮಗುವಿನಲ್ಲಿ ಇಂತಹ ಲಕ್ಷಣ ಕಂಡಾಗ ಇನ್ನೊಂದನ್ನೂ ಜೊತೆಯಲ್ಲಿ ತೋರಿಸಿಕೊಂಡು ಬರುವುದು ಒಳ್ಳೆಯದು.

ಮನೆಯಲ್ಲಿ ಅವಳಿ ಮಕ್ಕಳ ನಿರೀಕ್ಷೆಯಲ್ಲಿರುವ ಭಕ್ತರು ಈ ತಿಂಗಳೇ ಕೋಣೆಯನ್ನೊಮ್ಮೆ ನೋಡಿ, ಎರಡು ಹಾಸಿಗೆಗಳ ಜಾಗವನ್ನು ಅಳೆದಿಡಿರಿ.