ಚಂದ್ರವಳ್ಳಿಯ ಮಣ್ಣಿನ ಪದರಗಳು ಮತ್ತು ದತ್ತಾಂಶ ರಚನೆ

ಗಣಕವಿಜ್ಞಾನದ ಪದವಿ ತರಗತಿಗೆ ಸೇರಿದ ಪ್ರತಿಯೊಬ್ಬರೂ ಓದಲೇಬೇಕಾದ ವಿಷಯ ‘ಡೇಟಾ ಸ್ಟ್ರಕ್ಚರ್ಸ್’, ಅಂದರೆ ದತ್ತಾಂಶ ರಚನೆ. ಸ್ಟ್ಯಾಕ್, ಕ್ಯೂ, ಲಿಂಕ್ಡ್ ಲಿಸ್ಟ್, ಟ್ರೀ, ಗ್ರಾಫ್ ಎಂದು ಹೆಸರುಗಳ ಸಾಲೇ ಇದೆ. ಪ್ರಾಯೋಗಿಕ ಪರೀಕ್ಷೆಗೆಂದು ಹತ್ತು ಹನ್ನೆರಡು ಪ್ರೋಗ್ರಾಮುಗಳನ್ನು ಬಾಯಿಪಾಠ ಮಾಡಿ ಮುಂದಿನ ಸೆಮಿಸ್ಟರಿಗೆ ಹೋಗುವ ವಿದ್ಯಾರ್ಥಿಗಳು ಬಹಳ. ಇಷ್ಟೊಂದು ರಚನೆಗಳು ಏಕೆ ಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಉತ್ತರಕ್ಕಾಗಿ ಚಿತ್ರದುರ್ಗದ ಚಂದ್ರವಳ್ಳಿಗೆ ಬನ್ನಿ.

ನೆಲದಲ್ಲಿರುವ ಸ್ಟ್ಯಾಕ್

ಚಿತ್ರದುರ್ಗ, ಕಿರುಬನಕಲ್ಲು ಮತ್ತು ಚೋಳಗುಡ್ಡ ಬೆಟ್ಟಗಳ ನಡುವಿನ ಕಣಿವೆ ಚಂದ್ರವಳ್ಳಿ. ಕದಂಬ ಮಯೂರಶರ್ಮನ ಕೆರೆ ಶಾಸನ ಇರುವುದು ಇಲ್ಲಿಯೇ. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಇಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯೊಂದಿಗೆ ಚಂದ್ರವಳ್ಳಿಯನ್ನೂ ಅಗೆಸಿದರು. ಶಾತವಾಹನರ ಸೀಸದ ನಾಣ್ಯಗಳು, ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು, ಬಗೆಬಗೆಯ ಮಡಕೆ ಚೂರುಗಳು ಈ ನೆಲದಿಂದ ಹೊರಬಂದಿವೆ.

ಜನವಸತಿ ಇದ್ದ ಜಾಗದಲ್ಲಿ ಮಣ್ಣು ಪದರ ಪದರವಾಗಿ ಕೂಡುತ್ತದೆ. ಕದಡದೆ ಉಳಿದಲ್ಲಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಈ ನಿಯಮವನ್ನು 1669ರಲ್ಲಿ ನಿಕೋಲಸ್ ಸ್ಟೆನೊ ಬಂಡೆಗಳ ಬಗ್ಗೆ ಹೇಳಿದ್ದ. ಅಗೆಯುವಾಗ ಕೊನೆಗೆ ಬಿದ್ದ ಪದರವೇ ಮೊದಲು ಹೊರಬರುತ್ತದೆ. ಸ್ಟ್ಯಾಕ್ ಎಂದರೆ ಇದೇ: ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವ ರಚನೆ. ಪ್ರೋಗ್ರಾಮಿನ ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ, ಎಲ್ಲಿಗೆ ಹಿಂದಿರುಗಬೇಕು ಎಂಬುದನ್ನು ಗಣಕ ಸಾಮಾನ್ಯವಾಗಿ ಸ್ಟ್ಯಾಕಿನಲ್ಲಿಯೇ ಇಡುತ್ತದೆ. ಕೊನೆಗೆ ಕರೆಸಿಕೊಂಡ ಫಂಕ್ಷನ್ ಮೊದಲು ಮುಗಿಯಬೇಕಾದ್ದರಿಂದ ಅಲ್ಲಿ ಬೇರೆ ರಚನೆ ಹೊಂದುವುದಿಲ್ಲ.

ಆಳವೊಂದೇ ಸಾಲದು

ಹಾಗಾದರೆ ಸಿಕ್ಕ ಪ್ರತಿ ವಸ್ತುವಿನ ಆಳವನ್ನು ಅಳೆದು ಬರೆದಿಟ್ಟರೆ ಸಾಕಲ್ಲವೆ? ಒಂದು ಅರೇ, ಅಂದರೆ ಆಳದ ಕ್ರಮದಲ್ಲಿ ಜೋಡಿಸಿದ ಪಟ್ಟಿ. ಮೊಹೆಂಜೊದಾರೊ ಉತ್ಖನನದಲ್ಲಿ ವಸ್ತುಗಳನ್ನು ಮಟ್ಟದ ಆಧಾರದಿಂದ ದಾಖಲಿಸಿದ್ದನ್ನು ವೀಲರ್ ಕಟುವಾಗಿ ಟೀಕಿಸಿದರು. ಕಾರಣ ಸರಳ. ನೆಲ ಎಲ್ಲೆಡೆ ಸಮತಟ್ಟಾಗಿರುವುದಿಲ್ಲ. ಯಾರೋ ಕಾಳು ತುಂಬಲು ಹಗೇವು ತೋಡಿರುತ್ತಾರೆ, ಇಲಿ ಬಿಲ ಕೊರೆದಿರುತ್ತದೆ. ಹೊಸ ನಾಣ್ಯ ಗುಂಡಿಯ ಮೂಲಕ ಹಳೆಯ ಪದರದ ಆಳಕ್ಕೆ ಇಳಿದಿರಬಹುದು. ಆಳದ ಪಟ್ಟಿಯಲ್ಲಿ ಎರಡೂ ಸಮಕಾಲೀನವಾಗಿಬಿಡುತ್ತವೆ. ಇಲ್ಲಿ ಅಳತೆಯಲ್ಲಿ ತಪ್ಪಿಲ್ಲ. ಅಳತೆಯನ್ನು ಇಟ್ಟ ರಚನೆ ತಪ್ಪು.

ಉಳಿಸಬೇಕಾದದ್ದು ‘ಯಾವುದರ ಮೇಲೆ ಯಾವುದು’ ಎಂಬ ಸಂಬಂಧ. ಎಡ್ವರ್ಡ್ ಹ್ಯಾರಿಸ್ ಎಂಬ ಪುರಾತತ್ವಜ್ಞ 1973ರಲ್ಲಿ ಇದಕ್ಕೊಂದು ನಕ್ಷಾವಿಧಾನ ರೂಪಿಸಿದ. ಅದೇ ಹ್ಯಾರಿಸ್ ಮ್ಯಾಟ್ರಿಕ್ಸ್. ಗಣಕವಿಜ್ಞಾನದ ಭಾಷೆಯಲ್ಲಿ ಅದು ಆವರ್ತವಿಲ್ಲದ, ದಿಕ್ಕುಳ್ಳ ಗ್ರಾಫ್.

ಒಂದು ಚಿಕ್ಕ ಲೆಕ್ಕ

ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಕಾಲ್ಪನಿಕ ಗುಂಡಿಯೊಂದರಲ್ಲಿ ಆರು ಘಟಕಗಳಿವೆ ಎನ್ನಿ: 1. ಮೇಲ್ಮಣ್ಣು, 2. ಹಗೇವಿನಲ್ಲಿ ತುಂಬಿದ ಮಣ್ಣು, 3. ಹಗೇವು ತೋಡಿದ ಕಡಿತ, 4. ಮನೆಯ ನೆಲಗಟ್ಟು, 5. ನೆಲಗಟ್ಟಿನ ಮೇಲಿನ ಒಲೆಯ ಬೂದಿ, 6. ತಳದ ಮಣ್ಣು. ಈಚಿನದರಿಂದ ಹಿಂದಿನದಕ್ಕೆ ಬಾಣ ಎಳೆಯಿರಿ. 1ರಿಂದ 2ಕ್ಕೆ ಮತ್ತು 5ಕ್ಕೆ; 2ರಿಂದ 3ಕ್ಕೆ; 3ರಿಂದ 4ಕ್ಕೆ, ಏಕೆಂದರೆ ಹಗೇವು ನೆಲಗಟ್ಟನ್ನು ಕಡಿದಿದೆ; 5ರಿಂದ 4ಕ್ಕೆ; 4ರಿಂದ 6ಕ್ಕೆ.

ಈಗ ಪ್ರತಿ ಘಟಕಕ್ಕೆ ಬಂದು ಸೇರುವ ಬಾಣಗಳನ್ನು ಎಣಿಸಿ. 1ಕ್ಕೆ ಸೊನ್ನೆ, 4ಕ್ಕೆ ಎರಡು, ಉಳಿದವಕ್ಕೆ ಒಂದೊಂದು. ಸೊನ್ನೆ ಇರುವುದನ್ನು ಕ್ಯೂಗೆ, ಅಂದರೆ ಸರದಿ ಸಾಲಿಗೆ ಸೇರಿಸಿ. ಸಾಲಿನ ಮುಂದಿರುವುದನ್ನು ತೆಗೆದು ಬರೆದುಕೊಳ್ಳಿ. ಅದರಿಂದ ಹೊರಟ ಬಾಣಗಳನ್ನು ಅಳಿಸಿ. ಆಗ ಸೊನ್ನೆಗೆ ಇಳಿದವುಗಳನ್ನು ಸಾಲಿನ ಹಿಂದೆ ನಿಲ್ಲಿಸಿ. 1 ಹೋದ ಮೇಲೆ 2 ಮತ್ತು 5 ಸಾಲಿಗೆ ಬರುತ್ತವೆ. 2 ಹೋದಾಗ 3 ಬರುತ್ತದೆ. 5 ಮತ್ತು 3 ಎರಡೂ ಹೋಗುವವರೆಗೆ 4ಕ್ಕೆ ಸರದಿಯಿಲ್ಲ. ಕೊನೆಗೆ ಸಿಗುವ ಕ್ರಮ 1, 2, 5, 3, 4, 6. ಇದಕ್ಕೆ ಟೊಪಾಲಜಿಕಲ್ ಸಾರ್ಟಿಂಗ್ ಎಂದು ಹೆಸರು. ಈ ವಿಧಾನವನ್ನು ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ.

ಎರಡು ಸಂಗತಿಗಳನ್ನು ಗಮನಿಸಿ. ಮೊದಲನೆಯದು: 1, 5, 2, 3, 4, 6 ಎಂಬುದೂ ಸರಿ; 1, 2, 3, 5, 4, 6 ಎಂಬುದೂ ಸರಿ. ಒಲೆ ಉರಿದದ್ದು ಮೊದಲೋ ಹಗೇವು ತೋಡಿದ್ದು ಮೊದಲೋ ಎಂಬುದಕ್ಕೆ ನೆಲದಲ್ಲಿ ಸಾಕ್ಷ್ಯವಿಲ್ಲ. ಗ್ರಾಫ್ ಆ ಅನಿಶ್ಚಯವನ್ನು ಹಾಗೆಯೇ ಉಳಿಸುತ್ತದೆ. ಒಂದೇ ಸಾಲಿನ ಪಟ್ಟಿಯಾದರೋ ಇಲ್ಲದ ಕ್ರಮವೊಂದನ್ನು ಹೇರುತ್ತದೆ. ಎರಡನೆಯದು: ಕೈತಪ್ಪಿ 6ರಿಂದ 2ಕ್ಕೆ ಬಾಣ ಎಳೆದಿರೆನ್ನಿ. 1 ಮತ್ತು 5 ಹೋದ ಮೇಲೆ ಸಾಲು ಬರಿದಾಗುತ್ತದೆ. 2, 3, 4, 6 ಹೊರಬರುವುದೇ ಇಲ್ಲ. ದಾಖಲೆಯಲ್ಲಿ ಸುತ್ತು ಬಿದ್ದಿದೆ, ತಪ್ಪು ನುಸುಳಿದೆ ಎಂದು ತಿಳಿಯಲು ಇಷ್ಟು ಸಾಕು.

ಎಲ್ಲಿ ಇಡುವುದು, ಹೇಗೆ ಹುಡುಕುವುದು?

ಬಾಣಗಳನ್ನು ಗಣಕದ ಸ್ಮೃತಿಯಲ್ಲಿ ಎರಡು ರೀತಿ ಇಡಬಹುದು. ಘಟಕಗಳು 5,000 ಇದ್ದರೆ 5,000 ಸಾಲು, 5,000 ಕಂಬಗಳ ಚೌಕದಲ್ಲಿ 2.5 ಕೋಟಿ ಮನೆಗಳು ಬೇಕು. ಪ್ರತಿ ಘಟಕದಿಂದ ಮೂರು ಬಾಣ ಹೊರಟರೆ ತುಂಬುವುದು 15,000 ಮನೆಗಳು ಮಾತ್ರ. ಘಟಕಕ್ಕೊಂದರಂತೆ ಲಿಂಕ್ಡ್ ಲಿಸ್ಟ್ ಇಟ್ಟರೆ ಆ 15,000 ನಮೂದುಗಳೇ ಸಾಕು. ಆದರೆ ‘ಈ ಎರಡರ ನಡುವೆ ಬಾಣವಿದೆಯೇ?’ ಎಂದು ಕೇಳಿದರೆ ಚೌಕ ಒಂದೇ ನೋಟದಲ್ಲಿ ಉತ್ತರಿಸುತ್ತದೆ, ಲಿಸ್ಟಿನಲ್ಲಿ ಹುಡುಕಬೇಕು.

ಹುಡುಕುವುದಕ್ಕೂ ರಚನೆಯೇ ಆಧಾರ. ಹತ್ತು ಲಕ್ಷ ನಮೂದುಗಳು ಅಡ್ಡಾದಿಡ್ಡಿಯಾಗಿದ್ದರೆ ಒಂದನ್ನು ಹುಡುಕಲು ಸರಾಸರಿ ಐದು ಲಕ್ಷ ಹೋಲಿಕೆ ಬೇಕು. ಸಂಖ್ಯೆಯ ಕ್ರಮದಲ್ಲಿದ್ದರೆ ಪ್ರತಿ ಸಲವೂ ಅರ್ಧ ಭಾಗ ಬಿಡುತ್ತಾ ಹೋಗಿ 20 ಹೋಲಿಕೆಗಳಲ್ಲಿ ಮುಗಿಸಬಹುದು. ಆದರೆ ಅರೇಯ ನಡುವೆ ಹೊಸ ನಮೂದು ಸೇರಿಸಲು ಮುಂದಿನವನ್ನೆಲ್ಲ ಸರಿಸಬೇಕು. ಹುಡುಕುವುದು, ಸೇರಿಸುವುದು ಎರಡೂ ಬೇಗ ಆಗಬೇಕಾದಾಗ ಸಮತೋಲಿತ ಟ್ರೀ ಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ

ಗ್ರಹಗಳ ಚಲನೆಗೆ ಧ್ರುವೀಯ ನಿರ್ದೇಶಾಂಕಗಳನ್ನು ಆರಿಸಿಕೊಂಡರೆ ಲೆಕ್ಕ ಎಷ್ಟೋ ಹಗುರವಾಗುತ್ತದೆ ಎಂಬುದು ಭೌತವಿಜ್ಞಾನ ಓದಿದವರಿಗೆ ಗೊತ್ತು. ದತ್ತಾಂಶ ರಚನೆಯ ಆಯ್ಕೆಯೂ ಹಾಗೆಯೇ. ಪ್ರೋಗ್ರಾಮ್ ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ದತ್ತಾಂಶಗಳ ನಡುವೆ ಉಳಿಯಲೇಬೇಕಾದ ಸಂಬಂಧ ಯಾವುದು? ಯಾವ ಕೆಲಸ ಪದೇ ಪದೇ ಆಗಬೇಕು? ದತ್ತಾಂಶ ನೂರು ಪಟ್ಟಾದರೆ ಸಮಯ, ಸ್ಥಳ ಎಷ್ಟು ಬೇಕು?

ಇವುಗಳಲ್ಲಿ ಮೊದಲನೆಯದೇ ಮುಖ್ಯ. ನಿಧಾನವಾದ ಪ್ರೋಗ್ರಾಮನ್ನು ನಾಳೆ ತಿದ್ದಬಹುದು. ದಾಖಲಿಸದೆ ಬಿಟ್ಟ ಸಂಬಂಧವನ್ನು ಮರಳಿ ಪಡೆಯಲಾಗದು. ಒಮ್ಮೆ ಅಗೆದು ತೆಗೆದ ಪದರವನ್ನು ಯಾರೂ ಮತ್ತೆ ಅಲ್ಲಿಟ್ಟು ನೋಡಲಾರರು. ಆಸ್ಪತ್ರೆಯ ರೋಗಿಗಳ ವಿವರ, ಜಮೀನಿನ ಹಕ್ಕು ಬದಲಾವಣೆ, ಮಳೆ ಮಾಪನದ ದಾಖಲೆ, ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

ಅಭ್ಯಾಸಕ್ಕೊಂದು ಪ್ರಶ್ನೆ: ನಿಮ್ಮ ಕೋರ್ಸಿನ ಎಲ್ಲ ವಿಷಯಗಳನ್ನು ಬರೆದುಕೊಂಡು, ಯಾವುದನ್ನು ತಿಳಿದ ಮೇಲೆ ಯಾವುದನ್ನು ಓದಬೇಕೆಂದು ಬಾಣ ಎಳೆಯಿರಿ. ಮೇಲಿನ ವಿಧಾನದಿಂದ ಓದಿನ ಕ್ರಮ ಕಂಡುಹಿಡಿಯಿರಿ. ಸುತ್ತು ಸಿಕ್ಕರೆ, ಅದು ನಿಮ್ಮ ಬಾಣದ ತಪ್ಪೋ ಪಠ್ಯಕ್ರಮದ ತಪ್ಪೋ ಎಂದು ನಿಮ್ಮ ಅಧ್ಯಾಪಕರೊಂದಿಗೆ ಚರ್ಚಿಸಿ.